ತಪ್ಪಿಗೆ ದಂಡ ತೆರುವವರು ಯಾರು? ಆಸ್ತಿಹಕ್ಕಿನ ವಿಮೆ ಹುಟ್ಟಿ ಬೆಳೆದ ಕಥೆ

1868ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ವಾಟ್ಸನ್–ಮ್ಯೂರ್‌ಹೆಡ್ ಮೊಕದ್ದಮೆಯಲ್ಲಿ ಮೋಸ ಮಾಡಿದವರು ಯಾರೂ ಇರಲಿಲ್ಲ. ಫಿಲಡೆಲ್ಫಿಯಾದಲ್ಲಿ ಆಸ್ತಿಯ ಮೇಲೆ ಹಣ ಹಾಕಲು ಹೊರಟ ವಾಟ್ಸನ್ ಊರಿನ ರೂಢಿಯಂತೆ ಮ್ಯೂರ್‌ಹೆಡ್ ಎಂಬ ಒಬ್ಬ ಕನ್ವೇಯನ್ಸರನನ್ನು ಹಿಡಿದ. ಹಳೆಯ ಪತ್ರಗಳನ್ನು ತೆಗೆದು ನೋಡುವುದು, ಸಾಲ, ಡಿಕ್ರಿಗಳು ಬಾಕಿ ಇವೆಯೇ ಎಂದು ಕಚೇರಿಗಳಲ್ಲಿ ಹುಡುಕುವುದು, ಹೊಸ ಕ್ರಯಪತ್ರ ಬರೆದುಕೊಡುವುದು ಈ ಕನ್ವೇಯನ್ಸರುಗಳ ಕಸುಬು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂರುವ ಪತ್ರ ಬರಹಗಾರರ ಕೆಲಸವನ್ನೂ ಟೈಟಲ್ ನೋಡಿಕೊಡುವ ವಕೀಲರ ಕೆಲಸವನ್ನೂ ಒಬ್ಬನೇ ಮಾಡುತ್ತಿದ್ದ ಎನ್ನಬಹುದು. ಮ್ಯೂರ್‌ಹೆಡ್ ಶ್ರದ್ಧೆಯಿಂದಲೇ ಹುಡುಕಿದ್ದ. ದಾಖಲೆಯಲ್ಲಿದ್ದ ಡಿಕ್ರಿಗಳು ಅವನ ಕಣ್ಣಿಗೂ ಬಿದ್ದಿದ್ದವು. ಆದರೆ ಅವು ಈ ಆಸ್ತಿಗೆ ತಗಲುವುದಿಲ್ಲ ಎಂದು ಕಾನೂನು ಬಲ್ಲವರು ಹೇಳಿದ್ದನ್ನು ನಂಬಿ, ಟೈಟಲ್ ಚೊಕ್ಕವಾಗಿದೆ ಎಂದುಬಿಟ್ಟ. ವ್ಯವಹಾರ ಮುಗಿದ ಮೇಲೆ ಆ ಅಭಿಪ್ರಾಯವೇ ತಪ್ಪೆಂದು ಹೊರಬಿತ್ತು. ಡಿಕ್ರಿಗಳ ಭಾರ ಆಸ್ತಿಯ ಮೇಲೇ ಇತ್ತು. ನಷ್ಟ ವಾಟ್ಸನ್ನನ ತಲೆಗೆ ಬಂತು, ಅವನು ಮ್ಯೂರ್‌ಹೆಡ್ ಮೇಲೆ ದಾವೆ ಹೂಡಿದ.

ನ್ಯಾಯಾಲಯ ದಾವೆಯನ್ನು ಒಪ್ಪಲಿಲ್ಲ. ಕಸುಬುದಾರನೊಬ್ಬ ತಕ್ಕ ಎಚ್ಚರಿಕೆಯಿಂದ ಕೆಲಸ ಮಾಡಿದ್ದರೆ, ಅವನ ಅಭಿಪ್ರಾಯ ಕೊನೆಗೆ ತಪ್ಪಾದ ಮಾತ್ರಕ್ಕೆ ಅವನನ್ನು ಹೊಣೆ ಮಾಡಲಾಗದು ಎಂಬುದು ತೀರ್ಪಿನ ತಿರುಳು. ತರ್ಕದಲ್ಲಿ ಲೋಪವೇನೂ ಇಲ್ಲ. ಪ್ರತಿಯೊಂದು ತಪ್ಪು ಅಂದಾಜಿಗೂ ದಂಡ ತೆರಬೇಕಾದರೆ ವಕೀಲರಾಗಲಿ ವೈದ್ಯರಾಗಲಿ ಕಸುಬು ಮಾಡುವಂತಿಲ್ಲ. ಆದರೆ ಈ ತೀರ್ಪಿನ ಬೆಳಕಿನಲ್ಲಿ ಫಿಲಡೆಲ್ಫಿಯಾದ ಮನೆ ಕೊಳ್ಳುವವರಿಗೆ ತಮ್ಮ ಸ್ಥಿತಿ ಸ್ಪಷ್ಟವಾಯಿತು. ಮಾರಿದವನು ಊರು ಬಿಟ್ಟಿರಬಹುದು, ದಿವಾಳಿಯಾಗಿರಬಹುದು, ಸತ್ತಿರಬಹುದು. ಪತ್ರ ನೋಡಿದವನು ಎಚ್ಚರ ತಪ್ಪಿರದಿದ್ದರೆ ಹೊಣೆಯಲ್ಲ. ದಾಖಲೆ ಇಟ್ಟುಕೊಂಡ ಸರ್ಕಾರವಂತೂ ಯಾವ ಮಾತನ್ನೂ ಕೊಟ್ಟಿಲ್ಲ. ಎಲ್ಲರೂ ನ್ಯಾಯವಾಗಿಯೇ ನಡೆದುಕೊಂಡು, ಕೊನೆಗೆ ಮನೆಯನ್ನೋ ಹಣವನ್ನೋ ಕಳೆದುಕೊಳ್ಳುವವನು ಮಾತ್ರ ಕೊಂಡವನು. ಆಸ್ತಿಹಕ್ಕಿನ ವಿಮೆ, ಅಂದರೆ ಇಂದು ಟೈಟಲ್ ಇನ್ಶೂರೆನ್ಸ್ ಎಂದು ಕರೆಯುವ ವ್ಯವಹಾರ, ಈ ಹೊಣೆಗೇಡಿ ಸ್ಥಿತಿಯಿಂದ ಹುಟ್ಟಿತು. ಅದರ ಮುಂದಿನ ನೂರೈವತ್ತು ವರ್ಷಗಳ ಗೆಲುವು ಸೋಲುಗಳೆಲ್ಲ ಇದೇ ಪ್ರಶ್ನೆಯ ಸುತ್ತ ಸುತ್ತುತ್ತವೆ: ಆಸ್ತಿಯ ದಾಖಲೆ ತಪ್ಪಾಗಿದ್ದರೆ ದಂಡ ತೆರುವವರು ಯಾರು?

ಅಮೆರಿಕದಲ್ಲಿ ಸರ್ಕಾರ ಏಕೆ ಸುಮ್ಮನಿತ್ತು ಎಂಬುದಕ್ಕೆ ಬೇರು ಬಹಳ ಹಿಂದಿದೆ. ಮಸಾಚುಸೆಟ್ಸ್ ಬೇ ವಸಾಹತು 1640ರಲ್ಲೇ ಆಸ್ತಿ ಪತ್ರಗಳನ್ನು ಸಾರ್ವಜನಿಕ ಪುಸ್ತಕದಲ್ಲಿ ನಕಲು ಮಾಡಿಡುವ ಕಾನೂನು ತಂದಿತು. ಉಳಿದ ವಸಾಹತುಗಳೂ ಅದೇ ದಾರಿ ಹಿಡಿದವು. ಆದರೆ ಅಲ್ಲಿ ದಾಖಲಾಗುತ್ತಿದ್ದದ್ದು ಪತ್ರ, ಹಕ್ಕಲ್ಲ. ಯಾರು ಬೇಕಾದರೂ ಯಾವ ಜಮೀನನ್ನು ಬೇಕಾದರೂ ಮಾರಿದಂತೆ ಪತ್ರ ಬರೆದು ತಂದರೆ ಗುಮಾಸ್ತ ಅದನ್ನು ನಕಲು ಮಾಡಿ ಇಟ್ಟುಕೊಳ್ಳುತ್ತಿದ್ದ. ಮಾರುವ ಅಧಿಕಾರ ಇತ್ತೇ ಎಂದು ಕೇಳುವುದು ಅವನ ಕೆಲಸವಾಗಿರಲಿಲ್ಲ. ಸೂಚಿಯೋ, ಜಮೀನಿನ ಪ್ರಕಾರವಲ್ಲದೆ ಕೊಟ್ಟವರ ಮತ್ತು ಕೊಂಡವರ ಹೆಸರಿನ ಪ್ರಕಾರ ಇರುತ್ತಿತ್ತು. ಹಾಗಾಗಿ ಒಂದು ಮನೆಯ ಚರಿತ್ರೆ ತಿಳಿಯಬೇಕಾದರೆ ಇವತ್ತಿನ ಮಾಲೀಕನ ಹೆಸರಿನಿಂದ ಹೊರಟು, ಅವನಿಗೆ ಕೊಟ್ಟವನು, ಅವನಿಗೆ ಕೊಟ್ಟವನು ಎಂದು ಹಿಂದಕ್ಕೆ ನಡೆಯಬೇಕು. ಎಷ್ಟೇ ಹಿಂದಕ್ಕೆ ನಡೆದರೂ ಕೆಲವು ದೋಷಗಳು ಪುಸ್ತಕದಲ್ಲಿ ಕಾಣುವುದೇ ಇಲ್ಲ: ಖೋಟಾ ಸಹಿ, ಅಪ್ರಾಪ್ತ ವಯಸ್ಕ ಬರೆದುಕೊಟ್ಟ ಪತ್ರ, ಬ್ರಹ್ಮಚಾರಿ ಎಂದು ಬರೆಸಿಕೊಂಡವನ ಹೆಂಡತಿಯ ಹಕ್ಕು, ದೂರದ ಊರಿನಲ್ಲಿದ್ದು ಯಾರ ಲೆಕ್ಕಕ್ಕೂ ಬಾರದ ವಾರಸುದಾರ. ಹಳ್ಳಿಗಳಲ್ಲಿ ಎಲ್ಲರಿಗೂ ಎಲ್ಲರ ವಂಶಾವಳಿ ಗೊತ್ತಿದ್ದ ಕಾಲದಲ್ಲಿ ಇದರಿಂದ ದೊಡ್ಡ ತೊಂದರೆ ಇರಲಿಲ್ಲ. ಅಂತರ್ಯುದ್ಧ ಮುಗಿದ ಮೇಲೆ ನಗರಗಳು ಬೆಳೆದು, ಅಪರಿಚಿತರು ಅಪರಿಚಿತರಿಂದ ಕೊಳ್ಳತೊಡಗಿದಾಗ ಊರಿನ ನೆನಪು ಸಾಕ್ಷಿಯಾಗಿ ಉಳಿಯಲಿಲ್ಲ.

ಪೆನ್ಸಿಲ್ವೇನಿಯಾದ ಶಾಸನಸಭೆ 1874ರಲ್ಲಿ ಟೈಟಲ್ ವಿಮೆಯ ಕಂಪನಿ ಸ್ಥಾಪಿಸಲು ಕಾನೂನಿನಲ್ಲಿ ಅವಕಾಶ ಮಾಡಿಕೊಟ್ಟಿತು. 1876ರ ಮಾರ್ಚ್ 28ರಂದು ಜೋಶುವಾ ಮಾರಿಸ್ ಎಂಬ ಕನ್ವೇಯನ್ಸರನೂ ಅವನ ಸಂಗಡಿಗರೂ ಸೇರಿ ‘ರಿಯಲ್ ಎಸ್ಟೇಟ್ ಟೈಟಲ್ ಇನ್ಶೂರೆನ್ಸ್ ಕಂಪನಿ ಆಫ್ ಫಿಲಡೆಲ್ಫಿಯಾ’ ಕಟ್ಟಿದರು. ಇದಕ್ಕೂ ಮೊದಲು, 1853ರಲ್ಲಿ, ಅದೇ ರಾಜ್ಯದಲ್ಲಿ ಇಂಥದೇ ಒಂದು ಪ್ರಯತ್ನ ನಡೆದಿತ್ತೆಂದು ಕೆಲವರು ‘ಮೊದಲನೆಯದು’ ಎಂಬ ಪಟ್ಟದ ಬಗ್ಗೆ ತಕರಾರು ತೆಗೆಯುತ್ತಾರೆ. ಉಳಿದು ಬೆಳೆದು ವ್ಯವಹಾರಕ್ಕೆ ಅಚ್ಚು ಹಾಕಿಕೊಟ್ಟದ್ದು ಮಾತ್ರ 1876ರ ಕಂಪನಿಯೇ. ಇದನ್ನು ಕಟ್ಟಿದವರು ಬ್ಯಾಂಕಿನವರಲ್ಲ, ಜೀವವಿಮೆಯವರಲ್ಲ ಎಂಬುದನ್ನು ಗಮನಿಸಬೇಕು. ಹೊಣೆಯಿಂದ ನ್ಯಾಯಾಲಯವೇ ಬಿಡುಗಡೆ ಮಾಡಿದ್ದ ಕಸುಬಿನವರೇ ಮುಂದೆ ಬಂದು, ದುಡ್ಡು ಕೊಟ್ಟರೆ ಆ ಹೊಣೆಯನ್ನು ಹೊರುತ್ತೇವೆ ಎಂದರು. ಇದರಲ್ಲಿ ಉದಾರತೆಗಿಂತ ವ್ಯಾಪಾರದ ಜಾಣ್ಮೆ ಹೆಚ್ಚಿತ್ತು. 1868ರ ತೀರ್ಪಿನ ನಂತರ ಅವರ ಮಾತಿಗೆ ಬೆಲೆ ಕುಸಿದಿತ್ತು, ಅದನ್ನು ಮತ್ತೆ ಏರಿಸಬೇಕಿತ್ತು.

ಅವರು ಮಾರಿದ್ದು ವಿಚಿತ್ರವಾದ ಸರಕು. ಬೆಂಕಿ ವಿಮೆ, ಜೀವವಿಮೆ, ಹಡಗಿನ ವಿಮೆ ಎಲ್ಲವೂ ನಾಳೆ ಏನಾದೀತು ಎಂಬುದರ ಮೇಲೆ ನಿಂತಿವೆ. ಟೈಟಲ್ ವಿಮೆ ನಿಂತಿರುವುದು ನಿನ್ನೆ ಏನಾಗಿಹೋಗಿತ್ತು ಎಂಬುದರ ಮೇಲೆ. ಪಾಲಿಸಿಯ ದಿನಕ್ಕೆ ಮೊದಲೇ ಹುಟ್ಟಿ ಅಡಗಿರುವ ದೋಷಕ್ಕೆ ಮಾತ್ರ ಅದರ ರಕ್ಷಣೆ. ಆಮೇಲೆ ಮಾಲೀಕನೇ ಮಾಡಿಕೊಂಡ ಸಾಲಕ್ಕಿಲ್ಲ. ವರ್ಷವರ್ಷವೂ ಕಂತು ಕಟ್ಟಬೇಕಿಲ್ಲ. ಕ್ರಯದ ದಿನ ಒಂದು ಸಲ ಕೊಟ್ಟರೆ ಕೊಂಡವನು ಅಥವಾ ಅವನ ವಾರಸುದಾರರು ಆಸ್ತಿಯನ್ನು ಇಟ್ಟುಕೊಂಡಿರುವವರೆಗೂ ನಡೆಯುತ್ತದೆ. ಯಾರಾದರೂ ಹಕ್ಕು ಸಾಧಿಸಲು ಬಂದರೆ ಕಂಪನಿಯೇ ವಕೀಲರನ್ನಿಟ್ಟು ವಾದಿಸುತ್ತದೆ, ಸೋತರೆ ಪಾಲಿಸಿಯ ಮೊತ್ತದವರೆಗೆ ನಷ್ಟ ಕಟ್ಟಿಕೊಡುತ್ತದೆ. ಇಲ್ಲಿಯೇ ಇದರ ಮಿತಿಯೂ ಇದೆ. ಮನೆ ಉಳಿಯುತ್ತದೆ ಎಂಬ ಭರವಸೆಯನ್ನು ಯಾವ ಪಾಲಿಸಿಯೂ ಕೊಡುವುದಿಲ್ಲ. ನಿಜವಾದ ಮಾಲೀಕ ಬಂದು ಗೆದ್ದರೆ ಮನೆ ಅವನದೇ. ಕೈಗೆ ಬರುವುದು ಹಣ, ಅದೂ ಸಾಮಾನ್ಯವಾಗಿ ಕೊಂಡ ದಿನದ ಬೆಲೆಯ ಮಿತಿಯೊಳಗೆ. ಇಪ್ಪತ್ತು ವರ್ಷ ಬಾಳಿದ ಮನೆಯನ್ನು ಬಿಟ್ಟುಕೊಡುವವರಿಗೆ ಹಳೆಯ ಕ್ರಯದ ಮೊತ್ತ ಎಷ್ಟರ ಸಮಾಧಾನ ಎಂಬುದು ಬೇರೆ ಮಾತು.

ಇದೇ ಪ್ರಶ್ನೆಗೆ ಭೂಮಿಯ ಇನ್ನೊಂದು ತುದಿಯಲ್ಲಿ, ಹದಿನೆಂಟು ವರ್ಷ ಮೊದಲೇ, ತದ್ವಿರುದ್ಧವಾದ ಉತ್ತರ ಸಿಕ್ಕಿತ್ತು. ದಕ್ಷಿಣ ಆಸ್ಟ್ರೇಲಿಯಾ ಎಂಬ ಬ್ರಿಟಿಷ್ ವಸಾಹತಿನಲ್ಲಿ ಜಮೀನೇ ಮುಖ್ಯ ವ್ಯಾಪಾರ. ವಸಾಹತು ಹುಟ್ಟಿ ಇಪ್ಪತ್ತು ವರ್ಷ ತುಂಬುವುದರೊಳಗೆ ಅಲ್ಲಿನ ಸುಮಾರು 40,000 ಹಕ್ಕುಗಳಲ್ಲಿ ಮುಕ್ಕಾಲು ಪಾಲಿನ ಮೂಲಪತ್ರಗಳು ಕಳೆದುಹೋಗಿದ್ದವೆಂದೂ ಇನ್ನೂ ಸಾವಿರಾರು ದೋಷಪೂರಿತವೆಂದೂ ಅಂದಾಜಿತ್ತು. ಐರ್ಲೆಂಡಿನ ಕಾರ್ಕ್‌ನಲ್ಲಿ ಹುಟ್ಟಿ, ಅಡಿಲೇಡ್ ಬಂದರಿನ ಸುಂಕದ ಅಧಿಕಾರಿಯಾಗಿ, ಆಮೇಲೆ ನೋಂದಣಿ ಇಲಾಖೆಯ ಮುಖ್ಯಸ್ಥನಾಗಿದ್ದ ರಾಬರ್ಟ್ ರಿಚರ್ಡ್ ಟೊರೆನ್ಸ್ ಈ ಅವ್ಯವಸ್ಥೆಯನ್ನು ಒಳಗಿನಿಂದ ಬಲ್ಲವನಾಗಿದ್ದ. 1857ರ ಚುನಾವಣೆಯಲ್ಲಿ ಗೆದ್ದು, ಒಂದು ತಿಂಗಳ ಮಟ್ಟಿಗೆ ವಸಾಹತಿನ ಪ್ರಧಾನಿಯೂ ಆಗಿ, ಅಧಿಕಾರ ಹೋದ ಮೇಲೂ ಬಿಡದೆ ತನ್ನ ಮಸೂದೆಯನ್ನು ದಾಟಿಸಿದ. 1858ರ ಜನವರಿ 27ರಂದು ಒಪ್ಪಿಗೆ ಪಡೆದ ರಿಯಲ್ ಪ್ರಾಪರ್ಟಿ ಆ್ಯಕ್ಟ್ ಜುಲೈ 1ರಿಂದ ಜಾರಿಯಾಯಿತು. ಅದು ಹೇಳಿದ್ದಿಷ್ಟು: ಇನ್ನು ಪತ್ರಗಳ ಸರಪಳಿ ಬೇಡ. ಪ್ರತಿ ಜಮೀನಿಗೂ ಸರ್ಕಾರದ ಪುಸ್ತಕದಲ್ಲಿ ಒಂದು ಹಾಳೆ. ಅದರಲ್ಲಿ ಹೆಸರಿದ್ದವನೇ ಮಾಲೀಕ. ಹಿಂದಿನದನ್ನು ಯಾರೂ ಕೆದಕುವಂತಿಲ್ಲ. ಸರ್ಕಾರದ ಪುಸ್ತಕ ತಪ್ಪಿ, ಅದರಿಂದ ನಿಜವಾದ ಹಕ್ಕುದಾರ ಹಕ್ಕು ಕಳೆದುಕೊಂಡರೆ ಅವನಿಗೆ ಒಂದು ನಿಧಿಯಿಂದ ಪರಿಹಾರ. ಪುಟ್ಟ ಶುಲ್ಕಗಳನ್ನು ಕೂಡಿಸಿ ಆ ನಿಧಿ ಕಟ್ಟಲಾಯಿತು.

ಈ ಕಲ್ಪನೆ ಟೊರೆನ್ಸ್‌ನದೇ ಹೌದೇ ಎಂಬ ಬಗ್ಗೆ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಹಡಗುಗಳ ಒಡೆತನ ನೋಂದಾಯಿಸುವ ಬ್ರಿಟಿಷ್ ಪದ್ಧತಿಯಿಂದ ಅವನಿಗೆ ಇದು ಹೊಳೆಯಿತು ಎಂಬುದು ಅವನ ಕಡೆಯವರ ವಾದ. ಸುಂಕದ ಕಚೇರಿಯಲ್ಲಿದ್ದವನಿಗೆ ಅದು ಸಹಜವೂ ಹೌದು. ಅಡಿಲೇಡ್‌ನಲ್ಲಿ ನೆಲೆಸಿದ್ದ ಜರ್ಮನ್ ನ್ಯಾಯವಾದಿ ಉಲ್ರಿಚ್ ಹ್ಯೂಬೆ ಹ್ಯಾಂಬರ್ಗಿನ ನೋಂದಣಿ ಪದ್ಧತಿಯನ್ನು ವಿವರಿಸಿ ಕೊಟ್ಟಿದ್ದರಿಂದಲೇ ಮಸೂದೆ ರೂಪುಗೊಂಡಿತು ಎಂಬುದು ಇನ್ನೊಂದು ಪಕ್ಷ. ಎರಡರಲ್ಲೂ ಸತ್ಯಾಂಶ ಇರುವಂತಿದೆ. ಆದರೆ ಹೆಚ್ಚು ತೂಕದ ಸಂಗತಿ ಬೇರೆ: ಕಲ್ಪನೆ ಯಾರದಾದರೂ, ಅದನ್ನು ಉಳಿಸಿಕೊಳ್ಳಲು ರಾಜಕೀಯ ಹೋರಾಟವೇ ನಡೆಯಬೇಕಾಯಿತು. ವಕೀಲರ ಬಹುಪಾಲು ವಿರೋಧವಾಗಿತ್ತು. ಪತ್ರಗಳ ಸರಪಳಿ ಹೋದರೆ ಅವರ ಆದಾಯವೂ ಹೋಗುತ್ತಿತ್ತು, ಅದಕ್ಕೆ ಸರಿಯಾಗಿ ಪರವಾನಗಿ ಪಡೆದ ದಲ್ಲಾಳಿಗಳೇ ವರ್ಗಾವಣೆ ಮಾಡಿಸಬಹುದೆಂಬ ವ್ಯವಸ್ಥೆಯೂ ಬಂತು. ಅದಕ್ಕಿಂತ ಗಟ್ಟಿಯಾದ ಎದುರಾಳಿ ವಸಾಹತಿನ ಸುಪ್ರೀಂ ಕೋರ್ಟಿನಲ್ಲೇ ಕುಳಿತಿದ್ದ.

ನ್ಯಾಯಮೂರ್ತಿ ಬೆಂಜಮಿನ್ ಬೂತ್‌ಬಿಗೆ ಇಂಗ್ಲೆಂಡಿನ ಕಾನೂನಿಗೆ ಹೊಂದದ ವಸಾಹತು ಶಾಸನಗಳೆಲ್ಲ ಅಸಿಂಧುವಾಗಿ ಕಾಣುತ್ತಿದ್ದವು. ಟೊರೆನ್ಸ್ ಕಾಯ್ದೆಯೂ ಅವನ ಕತ್ತಿಗೆ ಸಿಕ್ಕಿತು. ಸರ್ಕಾರದ ಪುಸ್ತಕವೇ ಅಂತಿಮ ಎಂದು ನಂಬಿ ಕೊಂಡವರ ಹಕ್ಕು ನ್ಯಾಯಾಧೀಶನೊಬ್ಬನ ಮಾತಿನಿಂದ ತೂಗುಯ್ಯಾಲೆಯಾಯಿತು. ಅವನನ್ನು ತೆಗೆಯಬೇಕೆಂದು ವಸಾಹತಿನ ಶಾಸನಸಭೆ ಲಂಡನ್ನಿಗೆ ಮನವಿ ಕಳಿಸಿದರೂ ಕೂಡಲೇ ಫಲ ಸಿಗಲಿಲ್ಲ. ಕೊನೆಗೆ ಬ್ರಿಟಿಷ್ ಪಾರ್ಲಿಮೆಂಟೇ 1865ರಲ್ಲಿ ವಸಾಹತು ಕಾನೂನುಗಳ ಸಿಂಧುತ್ವ ಕಾಯ್ದೆ ತಂದು, ಇಂಗ್ಲಿಷ್ ಕಾನೂನಿನ ಸಾಮಾನ್ಯ ತತ್ವಗಳಿಗೆ ವಿರುದ್ಧ ಎಂಬ ಕಾರಣಕ್ಕೆ ವಸಾಹತಿನ ಶಾಸನ ಬೀಳುವುದಿಲ್ಲ ಎಂದು ಸಾರಿತು. ಬೂತ್‌ಬಿಯನ್ನು 1867ರಲ್ಲಿ ಹುದ್ದೆಯಿಂದ ತೆಗೆದರು, ಮರುವರ್ಷ ಅವನು ತೀರಿಕೊಂಡ. ಮುಂದೆ ಸಾಮ್ರಾಜ್ಯದ ಉದ್ದಗಲಕ್ಕೂ ಶಾಸನಸಭೆಗಳ ಅಧಿಕಾರಕ್ಕೆ ಆಧಾರವಾದ ಕಾಯ್ದೆಯೊಂದು ಹುಟ್ಟಲು ಅಡಿಲೇಡ್‌ನ ಈ ಜಗಳ ಮುಖ್ಯ ಕಾರಣವಾಯಿತು ಎಂಬುದನ್ನು ಸಂವಿಧಾನದ ಚರಿತ್ರೆ ಬರೆಯುವವರು ನೆನೆಯುತ್ತಾರೆ. ಆ ಜಗಳದ ಒಳಗೆ ಮನೆ, ಜಮೀನು ಕೊಂಡವರ ನಿದ್ದೆಯೂ ಅಡಕವಾಗಿತ್ತು ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಅಷ್ಟರಲ್ಲಿ, 1861–62ರಲ್ಲೇ, ಕ್ವೀನ್ಸ್‌ಲೆಂಡ್, ಟಾಸ್ಮೇನಿಯಾ, ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ಈ ಪದ್ಧತಿಯನ್ನು ಒಪ್ಪಿಕೊಂಡಿದ್ದವು. 1870ರಲ್ಲಿ ನ್ಯೂಜಿಲೆಂಡ್ ಸೇರಿತು.

ಹಾಗಾದರೆ ಅಮೆರಿಕ ಅಡಿಲೇಡ್‌ನ ದಾರಿ ಏಕೆ ಹಿಡಿಯಲಿಲ್ಲ? ಉತ್ತರದ ದೊಡ್ಡ ಭಾಗ ಷಿಕಾಗೋದ ಬೂದಿಯಲ್ಲಿದೆ. 1871ರ ಅಕ್ಟೋಬರ್ 8ರ ರಾತ್ರಿ ಹತ್ತಿದ ಬೆಂಕಿ ನಗರದ ನ್ಯಾಯಾಲಯದ ಕಟ್ಟಡವನ್ನು ನುಂಗಿದಾಗ ಕುಕ್ ಕೌಂಟಿಯ ಭೂದಾಖಲೆಗಳೆಲ್ಲ ಅದರೊಂದಿಗೆ ಸುಟ್ಟುಹೋದವು. ಮನೆ ಸುಟ್ಟವನಿಗೆ ತನ್ನ ನಿವೇಶನ ತನ್ನದೆಂದು ತೋರಿಸಲು ಸರ್ಕಾರದ ಒಂದು ಹಾಳೆಯೂ ಉಳಿಯಲಿಲ್ಲ. ಆದರೆ ಖಾಸಗಿಯವರ ಬಳಿ ಇತ್ತು. 1847ರಲ್ಲಿ ಎಡ್ವರ್ಡ್ ರಕರ್ ಎಂಬ ಗುಮಾಸ್ತ ಹೆಸರಿನ ಬದಲು ಜಮೀನಿನ ಪ್ರಕಾರ ದಾಖಲೆಗಳ ಸಾರಾಂಶ ಜೋಡಿಸುವ ಪದ್ಧತಿ ಹೂಡಿದ್ದ. ಅದೇ ಮಾದರಿಯಲ್ಲಿ ಪುಸ್ತಕಗಳನ್ನು ಕಟ್ಟಿಕೊಂಡಿದ್ದ ಮೂರು ಸಂಸ್ಥೆಗಳು ಬೆಂಕಿಯ ನಡುವೆ ಅವುಗಳ ಬಹುಭಾಗವನ್ನು ಹೊರಗೆ ಸಾಗಿಸಿದವು. ಜಾನ್ ಶಾರ್ಟಾಲ್‌ನ ಪುಸ್ತಕಗಳನ್ನು ಹೇರಲು ದಾರಿಹೋಕ ಗಾಡಿಯೊಂದನ್ನು ಪಿಸ್ತೂಲು ತೋರಿಸಿ ತಡೆಯಲಾಯಿತೆಂಬ ಕಥೆ ಷಿಕಾಗೋದಲ್ಲಿ ಪ್ರಸಿದ್ಧ. ಯಾರ ಪುಸ್ತಕವೂ ಪೂರ್ತಿ ಇರಲಿಲ್ಲ, ಮೂರನ್ನೂ ಕೂಡಿಸಿದರೆ ನಗರದ ಹಕ್ಕುಗಳ ಚರಿತ್ರೆ ಹೆಚ್ಚುಕಡಿಮೆ ಸಿಗುತ್ತಿತ್ತು. ಇಲಿನಾಯ್ ಶಾಸನಸಭೆ 1872ರಲ್ಲಿ ‘ಸುಟ್ಟ ದಾಖಲೆಗಳ ಕಾಯ್ದೆ’ ಮಾಡಿ ಖಾಸಗಿ ಸಾರಾಂಶಗಳಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯದ ಬೆಲೆ ಕೊಟ್ಟಿತು. ಆ ಸಂಸ್ಥೆಗಳು ಒಂದಾಗಿ, 1887ರಲ್ಲಿ ಟೈಟಲ್ ಗ್ಯಾರಂಟಿ ಕಂಪನಿಯಾಗಿ, ಮುಂದೆ ಷಿಕಾಗೋ ಟೈಟಲ್ ಎಂಬ ದೈತ್ಯವಾಗಿ ಬೆಳೆದವು.

ಈ ತಿರುವನ್ನು ನಾನು ಫಿಲಡೆಲ್ಫಿಯಾದ ತೀರ್ಪಿಗಿಂತ ದೊಡ್ಡದೆಂದು ಎಣಿಸುತ್ತೇನೆ. ಟೈಟಲ್ ಕಂಪನಿಯ ನಿಜವಾದ ಬಂಡವಾಳ ವಿಮೆಯ ನಿಧಿಯಲ್ಲಿಲ್ಲ, ಅದರ ಖಾಸಗಿ ದಾಖಲೆಯಲ್ಲಿದೆ. ದಿನದಿನವೂ ಸರ್ಕಾರಿ ಕಚೇರಿಯಿಂದ ನಕಲು ತಂದು, ಜಮೀನುವಾರು ವಿಂಗಡಿಸಿ ಇಟ್ಟುಕೊಳ್ಳುವ ಈ ಭಂಡಾರ ಸಾರ್ವಜನಿಕ ದಾಖಲೆಗಿಂತ ಅಚ್ಚುಕಟ್ಟಾಗಿರುತ್ತದೆ. ಪಾಲಿಸಿ ಕೊಡುವ ಮೊದಲು ಅದರಲ್ಲಿ ಹುಡುಕಿ, ಸಿಕ್ಕ ದೋಷವನ್ನು ಸರಿಪಡಿಸಿಕೊಂಡು ಬನ್ನಿ ಎನ್ನುತ್ತಾರೆ, ಇಲ್ಲವೇ ಅದನ್ನು ಪಾಲಿಸಿಯ ವಿನಾಯಿತಿಗಳ ಪಟ್ಟಿಗೆ ಸೇರಿಸುತ್ತಾರೆ. ಹೀಗಾಗಿ ವಿಮೆಗೆ ಉಳಿಯುವುದು ಹುಡುಕಿದರೂ ಸಿಗದ ಅಲ್ಪ ಅಪಾಯ ಮಾತ್ರ. ಒಮ್ಮೆ ಖಾಸಗಿ ಭಂಡಾರ ಇಷ್ಟು ಚೆನ್ನಾಗಿ ಕೆಲಸ ಮಾಡತೊಡಗಿದ ಮೇಲೆ ಸಾರ್ವಜನಿಕ ದಾಖಲೆಯನ್ನು ರಿಪೇರಿ ಮಾಡಬೇಕೆಂಬ ಒತ್ತಾಯ ಯಾರಿಗೂ ಉಳಿಯಲಿಲ್ಲ. ಆ ರಿಪೇರಿಯಿಂದ ನಷ್ಟವಾಗುವವರು ಮಾತ್ರ ಸಂಘಟಿತರಾಗಿದ್ದರು.

ಟೊರೆನ್ಸ್ ಪದ್ಧತಿಯನ್ನು ಅಮೆರಿಕಕ್ಕೆ ತರುವ ಯತ್ನಗಳು ನಡೆಯಲಿಲ್ಲವೆಂದಲ್ಲ. ಬೆಂಕಿಯ ನೆನಪು ಹಸಿಯಾಗಿದ್ದ ಇಲಿನಾಯ್ 1895ರಲ್ಲೇ ಕಾಯ್ದೆ ಮಾಡಿತು. ಗುಮಾಸ್ತನಿಗೆ ನ್ಯಾಯಾಧೀಶನ ಅಧಿಕಾರ ಕೊಟ್ಟಂತಾಯಿತೆಂದು ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು, 1897ರಲ್ಲಿ ತಿದ್ದಿದ ಕಾಯ್ದೆ ಬಂತು. ಒಹಾಯೋದ ಕಾಯ್ದೆಗೂ ಅದೇ ಗತಿಯಾಯಿತು. ಮಸಾಚುಸೆಟ್ಸ್ ಜಾಣತನದಿಂದ ಈ ಕೆಲಸಕ್ಕೆ ನ್ಯಾಯಾಲಯವನ್ನೇ ಕಟ್ಟಿತು, 1900ರಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ಬರೆದ ತೀರ್ಪು ಅದನ್ನು ಎತ್ತಿಹಿಡಿಯಿತು. ಸುಮಾರು ಇಪ್ಪತ್ತು ರಾಜ್ಯಗಳು ಯಾವುದಾದರೊಂದು ಕಾಲಕ್ಕೆ ಈ ಪದ್ಧತಿಯನ್ನು ಒಪ್ಪಿಕೊಂಡವು. ಇಂದು ಮಸಾಚುಸೆಟ್ಸ್, ಮಿನ್ನೆಸೋಟ, ಹವಾಯಿಯಂಥ ಕೆಲವೆಡೆ ಮಾತ್ರ ಉಸಿರಾಡುತ್ತಿದೆ. ಕುಕ್ ಕೌಂಟಿಯಲ್ಲೇ 1990ರ ದಶಕದಲ್ಲಿ ಬಾಗಿಲು ಹಾಕಿತು. ಕ್ಯಾಲಿಫೋರ್ನಿಯಾದ ಅನುಭವವನ್ನು ವಿಮೆಯ ಪರವಾದವರು ಹೆಚ್ಚಾಗಿ ಉದಾಹರಿಸುತ್ತಾರೆ: 1937ರ ಒಂದೇ ಒಂದು ತೀರ್ಪು ಅಲ್ಲಿನ ಪರಿಹಾರ ನಿಧಿಯನ್ನು ಬರಿದು ಮಾಡಿತು, 1955ರಲ್ಲಿ ಕಾಯ್ದೆಯೇ ರದ್ದಾಯಿತು. ಸರ್ಕಾರ ಹೊಣೆ ಹೊರಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂಬುದು ಅವರ ಪ್ರಶ್ನೆ.

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಆದರೆ ಅದು ಸಾಬೀತು ಮಾಡುವುದು ಬೇರೆಯದನ್ನು. ಅಮೆರಿಕದಲ್ಲಿ ಟೊರೆನ್ಸ್ ನೋಂದಣಿ ಬಹುಮಟ್ಟಿಗೆ ಐಚ್ಛಿಕವಾಗಿತ್ತು. ಸೇರಬೇಕೆಂದರೆ ಮಾಲೀಕ ನ್ಯಾಯಾಲಯದಲ್ಲಿ ದಾವೆ ಹೂಡಿ, ಖರ್ಚು ಹಾಕಿ, ಕಾಯಬೇಕಿತ್ತು. ಹೀಗಾಗಿ ಸೇರಿದವರು ಕಡಿಮೆ, ಜಮೆಯಾದ ಶುಲ್ಕವೂ ಕಡಿಮೆ, ನಿಧಿಯೂ ಸಣ್ಣದು. ನಿಧಿ ಬರಿದಾದರೆ ರಾಜ್ಯದ ಖಜಾನೆ ತುಂಬಿಕೊಡುತ್ತದೆ ಎಂಬ ಮಾತು ಕ್ಯಾಲಿಫೋರ್ನಿಯಾದಲ್ಲಿ ಇರಲಿಲ್ಲ. ಅಂದರೆ ಅಲ್ಲಿ ಸರ್ಕಾರ ಹೊಣೆಯ ಹೆಸರು ಹೇಳಿತು, ಹೊಣೆಯನ್ನು ಹೊರಲಿಲ್ಲ. ಇತ್ತ ಖಾಸಗಿ ಹೊಣೆಯೂ ಕುಸಿಯದೇ ಇರಲಿಲ್ಲ. ನ್ಯೂಯಾರ್ಕಿನ ಟೈಟಲ್ ಕಂಪನಿಗಳು ಹಕ್ಕಿನ ಖಾತರಿಯೊಂದಿಗೆ ಅಡಮಾನ ಸಾಲ ವಾಪಸಾತಿಯ ಖಾತರಿಯನ್ನೂ ಮಾರತೊಡಗಿದ್ದವು. ಮಹಾ ಆರ್ಥಿಕ ಕುಸಿತದಲ್ಲಿ ಸಾಲಗಾರರು ಕೈಚೆಲ್ಲಿದಾಗ 1933ರಲ್ಲಿ ಆ ಕಂಪನಿಗಳನ್ನು ರಾಜ್ಯದ ವಿಮಾ ಅಧಿಕಾರಿ ತನ್ನ ಸುಪರ್ದಿಗೆ ತೆಗೆದುಕೊಳ್ಳಬೇಕಾಯಿತು. ಆಮೇಲಿನ ಕಾನೂನುಗಳು ಟೈಟಲ್ ಕಂಪನಿ ಟೈಟಲ್ ವಿಮೆಯನ್ನಷ್ಟೇ ಮಾಡಬೇಕೆಂದು ಬೇಲಿ ಹಾಕಿದವು. ಅಯೋವಾ ಇನ್ನೂ ಮುಂದೆ ಹೋಗಿ 1947ರಲ್ಲಿ ಟೈಟಲ್ ವಿಮೆಯ ಮಾರಾಟವನ್ನೇ ನಿಷೇಧಿಸಿತು, 1985ರಲ್ಲಿ ರಾಜ್ಯವೇ ನಡೆಸುವ ಖಾತರಿ ವ್ಯವಸ್ಥೆ ಕಟ್ಟಿಕೊಂಡಿತು. ಅಲ್ಲಿ ಇಂದಿಗೂ ಜನ ಮನೆ ಕೊಳ್ಳುತ್ತಾರೆ, ಬ್ಯಾಂಕುಗಳು ಸಾಲ ಕೊಡುತ್ತವೆ.

ಉಳಿದ ಅಮೆರಿಕವನ್ನು ವಿಮೆಯ ಕಡೆಗೆ ಎಳೆದದ್ದು ಸಾಲ ಕೊಡುವವರು. ಪೂರ್ವದ ನಗರಗಳ ಜೀವವಿಮಾ ಕಂಪನಿಗಳು ಪಶ್ಚಿಮದ ಕಾಣದ ಊರುಗಳಲ್ಲಿ ಸಾಲ ಹಂಚುವಾಗ ಅಲ್ಲಿನ ವಕೀಲರ ಅಭಿಪ್ರಾಯಕ್ಕಿಂತ ಹಣದ ಬೆಂಬಲವಿರುವ ಪಾಲಿಸಿ ಬೇಕೆಂದವು. 1938ರಲ್ಲಿ ಮನೆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆ ಹುಟ್ಟಿ ಮನೆ ಸಾಲಗಳೇ ಕೈಯಿಂದ ಕೈಗೆ ಮಾರಾಟವಾಗುವ ಕಾಲ ಬಂದ ಮೇಲಂತೂ ಒಂದೇ ಅಚ್ಚಿನ ಪಾಲಿಸಿ ಅನಿವಾರ್ಯವಾಯಿತು. ಹೀಗೆ ಮನೆಯೊಡೆಯನ ರಕ್ಷಣೆಗೆಂದು ಶುರುವಾದದ್ದು ಸಾಲ ಕೊಡುವವನ ಷರತ್ತಾಯಿತು. ಬ್ಯಾಂಕಿನ ಪಾಲಿಸಿ ಬ್ಯಾಂಕನ್ನು ಮಾತ್ರ ಕಾಯುತ್ತದೆ, ಮಾಲೀಕನಿಗೆ ಬೇಕಾದರೆ ಬೇರೆಯೇ ಪಾಲಿಸಿ. ಬ್ಯಾಂಕಿನದಕ್ಕೂ ದುಡ್ಡು ಕೊಡುವವನು ಸಾಮಾನ್ಯವಾಗಿ ಸಾಲಗಾರನೇ. ಕಂಪನಿಯನ್ನು ಆರಿಸುವವರು ದಲ್ಲಾಳಿಗಳೂ ಸಾಲದ ಏಜೆಂಟರೂ ಆದ್ದರಿಂದ ಪೈಪೋಟಿ ನಡೆದದ್ದು ಗ್ರಾಹಕನ ಮುಂದಲ್ಲ, ಅವರ ಮುಂದೆ. ಈ ಕಮಿಷನ್ ವ್ಯವಹಾರ ಮಿತಿಮೀರಿ 1974ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅದನ್ನು ನಿಷೇಧಿಸುವ ಕಾಯ್ದೆ ತರಬೇಕಾಯಿತು. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2007ರಲ್ಲಿ ಕೊಟ್ಟ ವರದಿಯ ಪ್ರಕಾರ, 2005ರಲ್ಲಿ ಟೈಟಲ್ ಕಂಪನಿಗಳು ನಷ್ಟ ಪರಿಹಾರಕ್ಕೆ ಖರ್ಚು ಮಾಡಿದ್ದು ಪ್ರೀಮಿಯಂನ ಸುಮಾರು ಶೇ 5. ಸಾಮಾನ್ಯ ಆಸ್ತಿ–ಅಪಘಾತ ವಿಮೆಯಲ್ಲಿ ಅದು ಶೇ 73ರಷ್ಟು. ಇದು ಸುಲಿಗೆ ಎನ್ನುವವರಿಗೆ ಕಂಪನಿಗಳ ಉತ್ತರ, ನಮ್ಮ ಖರ್ಚೆಲ್ಲ ಮೊದಲೇ ಹುಡುಕಿ ದೋಷ ತಪ್ಪಿಸುವುದರಲ್ಲಿದೆ ಎಂಬುದು. ಉತ್ತರದಲ್ಲಿ ನ್ಯಾಯವಿದೆ. ಆದರೆ ಅದನ್ನು ಒಪ್ಪಿದ ಮೇಲೆ ಇನ್ನೊಂದನ್ನೂ ಒಪ್ಪಬೇಕು: ಮನೆ ಕೊಳ್ಳುವವನು ಕಟ್ಟುತ್ತಿರುವ ಹಣದಲ್ಲಿ ದೊಡ್ಡ ಪಾಲು ಹೋಗುತ್ತಿರುವುದು ಅಪಾಯಕ್ಕಲ್ಲ, ಒಂದೇ ಮನೆಯ ಚರಿತ್ರೆಯನ್ನು ಪ್ರತಿ ಮಾರಾಟದಲ್ಲೂ ಹೊಸದಾಗಿ ಓದಿಸುವುದಕ್ಕೆ ಮತ್ತು ಓದಿಸಿದ ಏಜೆಂಟರ ಪಾಲಿಗೆ.

ಭಾರತದ ಸ್ಥಿತಿ ಅಡಿಲೇಡ್‌ನ ಸರ್ಕಾರಿ ಖಾತರಿ, ಅಮೆರಿಕದ ಖಾಸಗಿ ವಿಮೆ ಈ ಎರಡರ ನಡುವೆಯೂ ಇಲ್ಲ. 1908ರ ನೋಂದಣಿ ಕಾಯ್ದೆ ಅಮೆರಿಕದಂತೆಯೇ ಪತ್ರವನ್ನು ದಾಖಲಿಸುತ್ತದೆ, ಹಕ್ಕನ್ನಲ್ಲ. ಮಾರುವವನಿಗೆ ಟೈಟಲ್ ಇದೆಯೇ ಎಂದು ನೋಡುವುದು ಸಬ್ ರಿಜಿಸ್ಟ್ರಾರ್ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ತಮಿಳುನಾಡಿನ ನಿಯಮವೊಂದನ್ನು ರದ್ದು ಮಾಡುವಾಗ ಮತ್ತೆ ಸ್ಪಷ್ಟಪಡಿಸಿದೆ. ಕಂದಾಯ ದಾಖಲೆಯ ಬಲವೂ ಅಷ್ಟೇ. ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ಮಾತ್ರ ನಿಜ. ಯೋಜನಾ ಆಯೋಗ ನೇಮಿಸಿದ್ದ ಡಿ.ಸಿ. ವಾಧ್ವಾ 1989ರಲ್ಲೇ ಟೊರೆನ್ಸ್ ಮಾದರಿಯ ಖಾತರಿ ಹಕ್ಕು ಬೇಕೆಂದು ವರದಿ ಕೊಟ್ಟರು. ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರೆ ಸಾಕಲ್ಲವೇ ಎನ್ನುವವರಿಗೆ ನಮ್ಮ ‘ಭೂಮಿ’ ಯೋಜನೆಯೇ ಉತ್ತರ. ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿ ಕರ್ನಾಟಕ ದೇಶಕ್ಕೇ ಮಾದರಿಯಾಯಿತು, ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು. ಆದರೆ ಕಂಪ್ಯೂಟರಿನಿಂದ ಬಂದ ಪಹಣಿಯೂ ಕಾನೂನಿನ ಕಣ್ಣಿನಲ್ಲಿ ಹಳೆಯ ಪಹಣಿಯಷ್ಟೇ. ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿದರೆ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲುಪಟ್ಟಿ ಕಾಣುವುದಿಲ್ಲ. ಹೆಣ್ಣುಮಕ್ಕಳ ಸಹಿ ಇಲ್ಲದೆ ಮಾರಾಟವಾದ ಪಿತ್ರಾರ್ಜಿತ ಆಸ್ತಿ, ಅನುಮತಿ ಇಲ್ಲದೆ ಕೈಬದಲಾದ ಪರಿಶಿಷ್ಟರ ಮಂಜೂರಾತಿ ಜಮೀನು ದಶಕಗಳ ನಂತರವೂ ಕೊಂಡವನ ಕೈತಪ್ಪಬಹುದು. 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಪರಿಶಿಷ್ಟರ ಇಂಥ ಮಂಜೂರಾತಿ ಜಮೀನು ಮರಳಿ ಕೊಡಿಸಲು ಅರ್ಜಿ ಹಾಕುವುದಕ್ಕೆ ಕಾಲಮಿತಿ ಇಲ್ಲವೆಂದು 2023ರಲ್ಲಿ ಶಾಸನಸಭೆಯೇ ತಿದ್ದುಪಡಿ ತಂದಿದೆ. ಆ ಕಾಯ್ದೆಯ ನ್ಯಾಯ ಬೇರೆ, ಅದನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಬೆಂಗಳೂರಿನ ಹೊರವಲಯದ ಬಡಾವಣೆಯಲ್ಲಿ ನಾಲ್ಕನೆಯವನಾಗಿ ನಿವೇಶನ ಕೊಂಡವನಿಗೆ ಇದೆಲ್ಲ ಗೊತ್ತಾಗುವುದು ನೋಟಿಸು ಬಂದ ದಿನ.

ಸರ್ಕಾರವೇ ಖಾತರಿ ಕೊಡಲಿ ಎಂಬ ದಾರಿಯನ್ನು ರಾಜಸ್ಥಾನ 2016ರಲ್ಲಿ ನಗರಗಳ ಮಟ್ಟಿಗೆ ಹಿಡಿಯಿತು. ಆಂಧ್ರಪ್ರದೇಶ ಇಡೀ ರಾಜ್ಯಕ್ಕೆ ಭೂಹಕ್ಕು ಕಾಯ್ದೆ ಮಾಡಿ 2023ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದಿತು. 2024ರ ಚುನಾವಣೆಯಲ್ಲಿ ಆ ಕಾಯ್ದೆಯೇ ಊರೂರಿನ ಚರ್ಚೆಯಾಯಿತು, ಅಧಿಕಾರಿಯೊಬ್ಬನ ಕೈಗೆ ಜಮೀನಿನ ಹಣೆಬರಹ ಹೋಗುತ್ತದೆಂಬ ಭಯ ಮತದಾರರನ್ನು ಕಾಡಿತು. ಹೊಸ ಸರ್ಕಾರ ಬಂದ ಕೆಲವೇ ವಾರಗಳಲ್ಲಿ ಕಾಯ್ದೆ ರದ್ದಾಯಿತು. ಆ ಭಯವನ್ನು ಅಜ್ಞಾನ ಎಂದು ನಗುವಂತಿಲ್ಲ. ಅಡಿಲೇಡ್‌ನಲ್ಲಿ ಪುಸ್ತಕ ಅಂತಿಮವಾದಾಗ ವಸಾಹತುಗಾರರ ಕೈಯಲ್ಲಿದ್ದದ್ದು ಇಪ್ಪತ್ತು ವರ್ಷದ ಪತ್ರಗಳು. ಅದಕ್ಕೆ ಮುಂಚೆ ಆ ನೆಲದಲ್ಲಿ ಬಾಳಿದ್ದ ಮೂಲನಿವಾಸಿಗಳ ಹಕ್ಕಿಗೆ ಆ ಪುಸ್ತಕದಲ್ಲಿ ಒಂದು ಗೆರೆಯೂ ಇರಲಿಲ್ಲ. ಯಾರನ್ನೋ ಅಂತಿಮವಾಗಿ ಮಾಲೀಕ ಎಂದು ಬರೆಯುವಾಗ ಇನ್ಯಾರನ್ನೋ ಅಂತಿಮವಾಗಿ ಹೊರಗಿಡಲಾಗುತ್ತದೆ. ತಲೆಮಾರುಗಳ ಪಾಲುದಾರಿಕೆ, ಗೇಣಿ, ಗೋಮಾಳ, ಇನಾಂ ಎಲ್ಲ ಹೆಣೆದುಕೊಂಡಿರುವ ನಾಡಿನಲ್ಲಿ ಆ ಬರವಣಿಗೆ ಇನ್ನೂ ಕಷ್ಟ.

ಉಳಿದದ್ದು ಫಿಲಡೆಲ್ಫಿಯಾದ ದಾರಿ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ 16ನೇ ಕಲಮು ಯೋಜನೆಯ ಭೂಮಿ ಮತ್ತು ಕಟ್ಟಡದ ಟೈಟಲ್ಲಿಗೆ ಬಿಲ್ಡರ್ ವಿಮೆ ಮಾಡಿಸಬೇಕೆನ್ನುತ್ತದೆ. ಆದರೆ ಸಂಬಂಧಪಟ್ಟ ಸರ್ಕಾರ ಅಧಿಸೂಚಿಸಿದ ವಿಮೆಗೆ ಮಾತ್ರ ಆ ಕಡ್ಡಾಯ ಅನ್ವಯಿಸುತ್ತದೆ. ವಿಮಾ ಕಂಪನಿಗಳು ಪಾಲಿಸಿ ತಯಾರಿಸಿ ಇಟ್ಟಿದ್ದರೂ ಅವುಗಳ ಬಳಿ ಷಿಕಾಗೋದವರು ಬೆಂಕಿಯಿಂದ ಹೊತ್ತು ತಂದಂಥ ಪುಸ್ತಕಗಳಿಲ್ಲ. ಅವೂ ಕೊಂಡವನು ನೋಡುವ ಇ.ಸಿ., ಪಹಣಿ, ಖಾತೆಗಳನ್ನೇ ನೋಡಿ, ಅದೇ ವಕೀಲರ ಅಭಿಪ್ರಾಯ ತೆಗೆದುಕೊಂಡು ಬೆಲೆ ಕಟ್ಟಬೇಕು. ಹಾಗೆ ಕಟ್ಟುವಾಗ ಪಿ.ಟಿ.ಸಿ.ಎಲ್., ಕೃಷಿ ಜಮೀನಿನ ಪರಿವರ್ತನೆ, ಕುಟುಂಬದ ಪಾಲಿನ ತಗಾದೆ ಇವೆಲ್ಲ ವಿನಾಯಿತಿಗಳ ಪಟ್ಟಿಗೆ ಹೋಗುವ ಸಂಭವವೇ ಹೆಚ್ಚು. ಕೊಂಡವನು ಹೆದರುವುದು ಅವುಗಳಿಗೇ. ಸದ್ಯಕ್ಕೆ ಕರ್ನಾಟಕದಲ್ಲಿ ಫ್ಲ್ಯಾಟ್ ಕೊಳ್ಳುವವನಿಗೆ ಬ್ಯಾಂಕಿನ ವಕೀಲರ ಲೀಗಲ್ ಒಪಿನಿಯನ್ನೇ ಆಧಾರ. ಅದು ತಪ್ಪಿದರೆ ಆ ವಕೀಲರು ಎಚ್ಚರ ತಪ್ಪಿದ್ದರೆಂದು ಸಾಬೀತು ಮಾಡುವ ಹೊರೆ, ಮ್ಯೂರ್‌ಹೆಡ್ ಮೇಲೆ ದಾವೆ ಹೂಡಿದ ವಾಟ್ಸನ್ನನಿಗಿದ್ದಂತೆಯೇ, ಕೊಂಡವನ ಮೇಲಿರುತ್ತದೆ.